ಸ್ವಾಮಿಯ ಪಾಲಿನ ದ್ರಾಕ್ಷಿ

ನಮ್ಮತ್ತೆ ಗೌರಮ್ಮನವರು ಮೆಟ್ಟಿಲು ತೊಳೆಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಮಧ್ಯಾಹ್ನ ಒದ್ದೆ ಮೆಟ್ಟಿಲು ನೋಡಿ ನನ್ನ ಮನಸ್ಸು ಏಕೆ ಅಳುಕಿತು ಎಂದು ನಿಮಗೆ ತಿಳಿಯುವುದಿಲ್ಲ.

ಹೊಸಕೆರೆಹಳ್ಳಿಯಲ್ಲಿ ನಮ್ಮದು ಮೂರು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮನೆ ನಿಂತಿರುವ ಜಾಗ ಒಂದು ಕಾಲಕ್ಕೆ ರಾಗಿ ಹೊಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇದೇ ನೆಲದಲ್ಲಿ ಬಗ್ಗಿ ಕಳೆ ಕಿತ್ತವರು. ಹೊಲವೆಲ್ಲ ಸೈಟುಗಳಾಗಿ, ಒಂದು ಸೈಟಿನಲ್ಲಿ ಮನೆ ಎದ್ದ ಮೇಲೆ ಬಗ್ಗಿ ಮಾಡುವ ಕೆಲಸಗಳಿಗೆಲ್ಲ ದೊಡ್ಡ ನಮಸ್ಕಾರ ಹಾಕಿದರು. "ಬಗ್ಗಿದ್ದು ಸಾಕು ಕಣವ್ವ. ಇನ್ನೇನಿದ್ರೂ ನಿಂತ್ಕಂಡು ಹೇಳೋಳು ನಾನು," ಎಂದು ನಾನು ಸೊಸೆಯಾಗಿ ಬಂದ ವಾರವೇ ತಿಳಿಸಿದ್ದರು. ಹೇಳಿದ ಹಾಗೆಯೇ ನಡೆದುಕೊಂಡರು. ಗೇಟಿನ ಬಳಿ ನಿಂತು ತರಕಾರಿ ಗಾಡಿಯವನಿಗೆ ಬುದ್ಧಿ ಹೇಳುತ್ತಾರೆ, ಒಲೆಯ ಬಳಿ ನಿಂತು ನನಗೆ. ಬಾಡಿಗೆಯವರಿಗೆ ನಲ್ಲಿ ಸೋರಲಿ, ಬಾಗಿಲು ಕಚ್ಚಲಿ, ಅವರೇ ಇಳಿದು ಬರಬೇಕು. ಓನರ್ ಆಂಟಿ ಮೆಟ್ಟಿಲು ಹತ್ತುವುದಿಲ್ಲ.

ನಾನು ಅರ್ಪಿತ. ಪದ್ಮನಾಭನಗರದ ಟ್ಯೂಷನ್ ಸೆಂಟರೊಂದರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅತ್ತೆಯ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ದೂರು ಬರೆಯಲು ಕೂತಿದ್ದರೆ ಇದು ಇಷ್ಟು ಚಿಕ್ಕದಾಗುತ್ತಿರಲಿಲ್ಲ.

ಅತ್ತೆ ಒಂದೇ ಒಂದು ಕೆಲಸಕ್ಕೆ ಮಾತ್ರ ಬಗ್ಗುತ್ತಿದ್ದರು, ಅದು ನಾಯಿಗೆ ಅನ್ನ ಹಾಕುವುದು. ನಾವು ಬೈರದೇವರ ಒಕ್ಕಲು. ಬೈರದೇವರಿಗೆ ನಾಯಿಯೇ ವಾಹನ. ಹಾಗಾಗಿ ನಮ್ಮ ಮನೆಯಲ್ಲಿ ದೇವರಿಗೆ ಎಡೆ ಇಟ್ಟ ಮೇಲೆ ಮೊದಲ ಪಾಲು ನಾಯಿಗೆ ಹೋಗಬೇಕು, ಆಮೇಲೆ ಗಂಡಸರಿಗೆ, ಮಕ್ಕಳಿಗೆ, ಕೊನೆಗೆ ಉಳಿದರೆ ನಮಗೆ. ನಾಯಿಯನ್ನು ಹೊಡೆಯುವಂತಿಲ್ಲ, 'ಥೂ ನಾಯಿ' ಎಂದು ಬೈಯುವಂತೆಯೂ ಇಲ್ಲ. ಅತ್ತೆ ಎಲ್ಲ ನಾಯಿಗಳನ್ನೂ 'ಸ್ವಾಮಿ' ಎಂದೇ ಕರೆಯುತ್ತಿದ್ದರು. ಬೈರ ಎಂದು ಕರೆಯೋಣವೆಂದರೆ ನಮ್ಮ ಮಾವನ ಹೆಸರು ಬೈರಣ್ಣ. ಮಾವ ಹೋಗಿ ಎಷ್ಟೋ ವರ್ಷವಾದರೂ ಗಂಡನ ಹೆಸರನ್ನು ಅತ್ತೆ ಬಾಯಲ್ಲಿ ಹೇಳುವುದಿಲ್ಲ.

ಮೇಲಿನ ಮನೆಗೆ ಇಂಚರ ಬಂದದ್ದು ನಾಯಿಯ ದೆಸೆಯಿಂದಲೇ. ಜಯನಗರದ ಒಬ್ಬ ಆರ್ಕಿಟೆಕ್ಟ್ ಹತ್ತಿರ ಕೆಲಸ ಮಾಡುವ ಒಂಟಿ ಹುಡುಗಿ. ಬನಶಂಕರಿಯ ಸುತ್ತಮುತ್ತ ಎಲ್ಲಿ ಹೋದರೂ ನಾಯಿ ಇದೆ ಎಂದ ಕೂಡಲೇ ಮನೆ ಇಲ್ಲ ಎನ್ನುತ್ತಿದ್ದರಂತೆ. ನಮ್ಮ ಗೇಟಿನಲ್ಲಿ ನಿಂತು ಅವಳು, "ಆಂಟಿ, ನನ್ನತ್ರ ಒಂದು ನಾಯಿ ಇದೆ, ಪರವಾಗಿಲ್ವಾ?" ಎಂದು ಅಳುಕುತ್ತಾ ಕೇಳಿದಳು.

"ನಾಯಿ ಐತೆ ಅಂತಲೇ ಕೊಡ್ತಿರೋದು ಕಣವ್ವ," ಎಂದರು ಅತ್ತೆ.

ಕಂದು ಬಿಳುಪು ಬಣ್ಣದ, ಉದ್ದ ಕಿವಿಯ, ಮಹಾ ಹೊಟ್ಟೆಬಾಕ ನಾಯಿ. ಹೆಸರು ಮಫಿನ್. ಅದು ಬೇಕರಿಯ ತಿಂಡಿ ಎಂದು ನಾನು ವಿವರಿಸಿದಾಗ ಅತ್ತೆ ನಕ್ಕದ್ದೇ ನಕ್ಕದ್ದು. ಅವರ ಬಾಯಲ್ಲಿ ಅದೂ ಸ್ವಾಮಿಯೇ ಆಯಿತು. ಇಂಚರ ಆಫೀಸಿಗೆ ಹೋದರೆ ಸ್ವಾಮಿ ಇಡೀ ದಿನ ನಮ್ಮ ಜಗಲಿಯಲ್ಲಿ ಬಿದ್ದುಕೊಂಡಿರುತ್ತಿತ್ತು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಸಾಕು, ಹೊಸಿಲ ಮೇಲೆ ಹಾಜರ್.

ಬಂದ ಮೊದಲ ವಾರವೇ ಇಂಚರ ಅತ್ತೆಯನ್ನು ಕೂರಿಸಿಕೊಂಡು ಹೇಳಿದ್ದಳು. ಚಾಕೊಲೇಟ್ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ, ಕಾಫಿ ಬೇಡ, ಬೇಯಿಸಿದ ಕೋಳಿಯ ಮೂಳೆ ಬೇಡ. ಮುಖ್ಯವಾಗಿ ದ್ರಾಕ್ಷಿ ಬೇಡ, ಹಸಿಯದೂ ಬೇಡ, ಒಣಗಿದ್ದೂ ಬೇಡ.

"ತಿಂಡಿ ಹೆಸರಿಟ್ಟು ತಿಂಡಿ ಕೊಡಬೇಡ ಅಂದ್ರೆ ಹೆಂಗವ್ವ?" ಎಂದು ಅತ್ತೆ ತಮಾಷೆ ಮಾಡಿದರು.

"ತಮಾಷೆ ಅಲ್ಲ ಆಂಟಿ. ನಾವು ತಿಂದ್ರೆ ಏನೂ ಆಗಲ್ಲ, ನಾಯಿಗೆ ವಿಷ. ಪ್ಲೀಸ್."

ಅತ್ತೆ ಅವಳ ಮಾತನ್ನು ಪೂರ್ತಿ ತಳ್ಳಿಹಾಕಲಿಲ್ಲ, ಅದೇ ವಿಚಿತ್ರ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರನ್ನು ನಾಯಿಗೆ ಹಾಕುವುದನ್ನು ಅಂದೇ ನಿಲ್ಲಿಸಿದರು. ಮೂಳೆ ನಿಲ್ಲಿಸಿದರು. ಚಾಕೊಲೇಟಂತೂ ಅವರಿಗೇ ಸೇರದು. ಆದರೆ ದ್ರಾಕ್ಷಿಯ ವಿಷಯದಲ್ಲಿ ಅವರ ಲೆಕ್ಕವೇ ಬೇರೆ. ಈರುಳ್ಳಿ ಬೆಳ್ಳುಳ್ಳಿ ಪೂಜೆಯ ದಿನ ದೇವರಿಗೂ ಆಗದು, ಆದ್ದರಿಂದ ನಾಯಿಗೂ ಆಗದಿರಬಹುದು. ದ್ರಾಕ್ಷಿ ಹಾಗಲ್ಲವಲ್ಲ! ದಿನಾ ಬೆಳಿಗ್ಗೆ ಬೈರದೇವರ ಪಟದ ಮುಂದೆ ಕಲ್ಲುಸಕ್ಕರೆಯ ಜೊತೆ ಇಡುವುದೇ ಒಣದ್ರಾಕ್ಷಿ. ದೇವರು ತಿಂದದ್ದು ದೇವರ ವಾಹನಕ್ಕೆ ಹೇಗೆ ವಿಷವಾಗುತ್ತದೆ? ಇದು ಅವರ ವಾದ. ಈ ವಾದವನ್ನು ಅವರು ಇಂಚರಳ ಎದುರು ಒಮ್ಮೆಯೂ ಆಡಲಿಲ್ಲ. "ಆಯ್ತು ಬುಡವ್ವ, ಹಾಕಲ್ಲ," ಎಂದುಬಿಟ್ಟರು.

ಹೀಗೆಂದ ಮರುದಿನ ಪೂಜೆ ಮುಗಿಸಿ ಬಂದವರೇ ಸ್ವಾಮಿಯ ಬಾಯಿಗೆ ಎರಡು ದ್ರಾಕ್ಷಿ ಹಾಕಿದರು. ನಾನು ಕಣ್ಣರಳಿಸಿದೆ. "ಪ್ರಸಾದ ಕಣೆ," ಎಂದರು. ನಾಯಿಗೆ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ತಿಂಗಳುಗಟ್ಟಲೆ ಏನೂ ಆಗದಿದ್ದಾಗ ನಾನೂ ಕೇಳುವುದನ್ನು ಬಿಟ್ಟೆ. ಇವತ್ತಿನ ಹುಡುಗಿಯರು ಮೊಬೈಲಿನಲ್ಲಿ ಓದಿಕೊಂಡು ಎಲ್ಲಕ್ಕೂ ಹೆದರುತ್ತಾರೆ ಎಂದು ಅತ್ತೆ ಮೂಗು ಮುರಿದರೆ ನಾನು ನಗುತ್ತಿದ್ದೆ.

ಎದುರು ಮನೆಯ ಬೈಲಪ್ಪನವರ ಬಗ್ಗೆಯೂ ಹೇಳಬೇಕು. ಅವರು ನಮ್ಮ ಮಾವನ ದೊಡ್ಡಪ್ಪನ ಮಗ, ಅವರೂ ಬೈರದೇವರ ಒಕ್ಕಲೇ. ನನ್ನ ಗಂಡ ರಘುವಿಗೆ ದೊಡ್ಡಪ್ಪ, ನನಗೆ ದೊಡ್ಡಮಾವ. ಅವರ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ ಇದೆ. ಹಳೆಯ ಮನೆ ಕೆಡವಿ ಹೊಸದು ಕಟ್ಟಿದಾಗಲೂ ಅದನ್ನು ಮಾತ್ರ ಕೀಳಿಸಲಿಲ್ಲ. ಬೆಳಿಗ್ಗೆ ಪಂಚೆ ಬನಿಯನ್ನಿನಲ್ಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ಅಲ್ಲಿ ಕೂತು ಪೇಪರ್ ಓದುವುದು ಅವರ ದೊಡ್ಡ ಸುಖ. ಮಫಿನ್‌ನ ದೊಡ್ಡ ಸುಖವೂ ಅದೇ ಕಟ್ಟೆ. ಬೀದಿಗೆ ಬಿಟ್ಟರೆ ಸಾಕು, ನೇರ ಹೋಗಿ ಅದಕ್ಕೇ ಕಾಲೆತ್ತುತ್ತಿತ್ತು. ದೊಡ್ಡಮಾವ ಎಗರಾಡುತ್ತಿದ್ದರು. ಒಂದು ದಿನ ರೇಗಿಹೋಗಿ, "ಇದಕ್ಕೊಂದು ಗತಿ ಕಾಣಿಸ್ತೀನಿ ನೋಡ್ತಿರಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದರು. ಸಿಟ್ಟಿಗೆ ಆಡಿದ ಮಾತು. ಆದರೆ ಆಗ ಮೋರಿ ಕೆಲಸ ನಡೆದು ಬೀದಿಯಲ್ಲೆಲ್ಲ ಇಲಿ ಕಾಟ. ದೊಡ್ಡಮಾವ ತಮ್ಮ ಮೋಟರ್ ರೂಮಿನಲ್ಲಿ ಇಲಿ ಪಾಷಾಣ ಇಟ್ಟಿದ್ದೂ ಎಲ್ಲರಿಗೂ ಗೊತ್ತಿತ್ತು.

ಕಾರ್ತಿಕ ಬಹುಳ ಅಷ್ಟಮಿ ಬಂತು. ಬೈರದೇವರ ದಿನ. ಅತ್ತೆ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಶಾವಿಗೆ ಪಾಯಸ ಮಾಡಿದರು. ಅದಕ್ಕೆ ತುಪ್ಪದಲ್ಲಿ ಹುರಿದ ದ್ರಾಕ್ಷಿ ಕೈತುಂಬ. ದೇವರ ಮುಂದೆ ಬೇರೆಯಾಗಿ ಬಟ್ಟಲು ತುಂಬ ಒಣದ್ರಾಕ್ಷಿ ಇಟ್ಟರು. ಪೂಜೆಯಾಯಿತು. ವರ್ಷವೂ ಆ ದಿನ ಬೀದಿಯಲ್ಲಿ ಸಿಕ್ಕ ನಾಯಿಗೆ ಮೊದಲ ಪಾಲು ಹಾಕುತ್ತಿದ್ದೆವು. ಆ ವರ್ಷ ಮನೆಯಲ್ಲೇ ಸ್ವಾಮಿ ಇತ್ತು. ಅತ್ತೆಗೆ ಎಂಥ ಸಂತೋಷ! ಬಾಳೆ ಎಲೆಯ ಮೇಲೆ ಪಾಯಸ ಬಡಿಸಿ, ಬಗ್ಗಿ, ಅದರ ಮುಂದಿಟ್ಟು, ಹಣೆಗೆ ಒಂದು ಕುಂಕುಮದ ಬೊಟ್ಟನ್ನೂ ಇಟ್ಟರು. ಅದು ಎಲೆ ನೆಕ್ಕಿ ಮುಗಿಸಿ ಇನ್ನೂ ಬೇಕೆಂದು ಮುಖ ನೋಡಿತು. ಅವರು ದ್ರಾಕ್ಷಿಯ ಬಟ್ಟಲನ್ನೇ ಬಗ್ಗಿಸಿದರು. ಇದಿಷ್ಟನ್ನೂ ನಾನು ಆಮೇಲೆ ಅವರ ಬಾಯಿಂದಲೇ ಕೇಳಿದ್ದು. ಆ ಹೊತ್ತಿಗೆ ನಾನು ಒಳಗೆ ಎಲೆ ಹಾಕುತ್ತಿದ್ದೆ.

ಮಧ್ಯಾಹ್ನ ಟ್ಯೂಷನ್ನಿಗೆ ಹೊರಟಾಗ ಮೆಟ್ಟಿಲು ಒದ್ದೆಯಾಗಿತ್ತು. ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅತ್ತೆ ಸೀರೆ ಎತ್ತಿಕಟ್ಟಿ, ಕೈಯಲ್ಲಿ ಕಡ್ಡಿಪೊರಕೆ ಹಿಡಿದು ನಿಂತಿದ್ದರು.

"ನೀವ್ಯಾಕೆ ತೊಳೀತಿದೀರ ಅತ್ತೆ?"

"ಬೆಕ್ಕು ಹೊಲಸು ಮಾಡಿತ್ತು. ನೀನು ಹೊರಡು, ಹೊತ್ತಾಯ್ತು."

ನಮ್ಮ ಬೀದಿಯಲ್ಲಿ ಬೆಕ್ಕಿಲ್ಲ. ಮಫಿನ್ ಬಂದ ಮೇಲೆ ಒಂದೂ ಉಳಿದಿಲ್ಲ. ನನಗೆ ಅನುಮಾನ ಬಂತು, ಬಸ್ಸೂ ಬಂತು. ನಾನು ಬಸ್ಸು ಹತ್ತಿದೆ.

ಸಂಜೆ ನಾನೂ ಇಂಚರಳೂ ಬರುವ ಹೊತ್ತಿಗೆ ನಾಯಿ ಏಳಲಾರದೆ ಬಿದ್ದಿತ್ತು. ಬಾಲ ಅಲ್ಲಾಡಿಸಲು ನೋಡಿ ಕೈಬಿಟ್ಟಿತು. ಮೈ ನಡುಗುತ್ತಿತ್ತು. ಕರೆದರೆ ಕಣ್ಣಷ್ಟೇ ಹೊರಳಿಸುತ್ತಿತ್ತು. ಹಣೆಯ ಕುಂಕುಮ ಹಾಗೇ ಇತ್ತು. ರಘು ಅದನ್ನು ಎತ್ತಿ ಆಟೋಗೆ ಹಾಕಿಕೊಂಡ. ಬನಶಂಕರಿಯ ಒಂದು ಪಶುವೈದ್ಯರ ಕ್ಲಿನಿಕ್ಕಿಗೆ ಇಬ್ಬರೂ ಓಡಿದರು. ಅಲ್ಲಿಂದ ರಘು ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಡಾಕ್ಟರ್ ಶೈಲಶ್ರೀ ಎಂಬುವರು ಕೇಳಿದರು, "ಇವತ್ತು ಏನೇನು ತಿಂದಿದೆ ಅಮ್ಮ? ಬೇರೆ ಏನಾದ್ರೂ ಹಾಕಿದ್ರಾ? ವಾಂತಿ ಮಾಡ್ತಾ?"

ಅತ್ತೆ ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದುಕೊಂಡರು. "ಏನೂ ಇಲ್ಲವ್ವ. ಹಾಲು ಅನ್ನ. ಅಷ್ಟೆ. ವಾಂತಿ ಗೀಂತಿ ನಾನು ಕಾಣೆ."

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಆ ಕಡೆಯಿಂದ ಇಂಚರ ಅಳುತ್ತಾ ಎದುರು ಮನೆಯ ಇಲಿ ಪಾಷಾಣದ ವಿಷಯ ಹೇಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು. ಡಾಕ್ಟರ್ ಅದನ್ನೇ ಅನುಮಾನಿಸಿ, ರಕ್ತ ಪರೀಕ್ಷೆಗೆ ಕಳಿಸಿ, ಪಾಷಾಣಕ್ಕೆ ಕೊಡುವ ಇಂಜೆಕ್ಷನ್ ಶುರು ಮಾಡಿದರು. ನಾಯಿಯನ್ನು ಅಲ್ಲೇ ಇರಿಸಿಕೊಂಡರು.

ಬೆಳಗಾಯಿತು. ದೊಡ್ಡಮಾವ ಎಂದಿನಂತೆ ಕಟ್ಟೆಯ ಮೇಲೆ ಪೇಪರ್ ಬಿಡಿಸಿ ಕೂತಿದ್ದರು. ರಘು ಗೇಟು ತೆಗೆದುಕೊಂಡು ಸೀದಾ ಹೋದ, ಹಿಂದೆಯೇ ಇಂಚರ. ನಾನು ಜಗಲಿಯಿಂದ ಕೂಗಿದರೂ ನಿಲ್ಲಲಿಲ್ಲ.

"ದೊಡ್ಡಪ್ಪ, ನಾಯಿಗೆ ಏನ್ ಹಾಕಿದ್ರಿ?"

"ಯಾವ ನಾಯಿಗೆ? ಏನೋ ಹಂಗಂದ್ರೆ?"

"ಗತಿ ಕಾಣಿಸ್ತೀನಿ ಅಂತ ನೀವೇ ಕೂಗಿರ್ಲಿಲ್ವಾ? ಪಾಷಾಣ ಇಟ್ಟಿಲ್ವಾ ನೀವು?"

"ಇಲಿಗೆ ಇಟ್ಟಿದ್ದು ಕಣೋ. ಒಳಗೆ, ಬಾಗಿಲು ಹಾಕಿ ಇಟ್ಟಿದ್ದು. ನಾಯಿಗೆ ವಿಷ ಹಾಕ್ತೀನಾ ನಾನು?"

ಹೆದರಿದಾಗ ನನ್ನ ಗಂಡನಿಗೆ ಬರುವುದು ಸಿಟ್ಟೊಂದೇ. ದೊಡ್ಡಮಾವನ ಹೆಗಲಿನ ಟವೆಲನ್ನು ಹಿಡಿದು ಎಳೆದುಬಿಟ್ಟ. ಟವೆಲ್ ನೆಲಕ್ಕೆ ಬಿತ್ತು, ಪೇಪರೂ ಬಿತ್ತು. ಹಾಲು ತರಲು ಹೊರಟವರು, ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡವರು ಎಲ್ಲ ನಿಂತರು. ಯಾರೋ ಮೊಬೈಲನ್ನೂ ಎತ್ತಿ ಹಿಡಿದರು. ಎಪ್ಪತ್ತು ದಾಟಿದ ಮನುಷ್ಯ, ತಾನು ಹುಟ್ಟಿದ ಊರಿನ ನಡುಬೀದಿಯಲ್ಲಿ, ಬರೀ ಬನಿಯನ್ನಿನಲ್ಲಿ ನಿಂತು ಸುತ್ತ ನೋಡಿದರು. ಅವರ ಕಣ್ಣು ನಮ್ಮ ಗೇಟಿನ ಬಳಿ ನಿಂತಿದ್ದ ಅತ್ತೆಯ ಮೇಲೆ ನಿಂತಿತು.

"ಗೌರವ್ವ, ನೀನಾದ್ರೂ ಹೇಳವ್ವ ಇವರಿಗೆ. ಬೈರದೇವರ ಒಕ್ಕಲಾಗಿ ಹುಟ್ಟಿ ನಾನು ನಾಯಿಗೆ ವಿಷ ಇಕ್ತೀನಾ? ನೀನು ಹೇಳು."

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು.

ಇಷ್ಟು ವರ್ಷದಲ್ಲಿ ಅತ್ತೆಯ ಜೊತೆ ಬೇಕಾದಷ್ಟು ಜಗಳವಾಡಿದ್ದೇನೆ, ಕೋಪ ಮಾಡಿಕೊಂಡಿದ್ದೇನೆ. ಅವರ ಬಗ್ಗೆ ನಾಚಿಕೆ ಎನಿಸಿದ್ದು ಅದೇ ಮೊದಲು. ಅವರ ಹಿಂದೆಯೇ ಅಡುಗೆಮನೆಗೆ ಹೋದೆ. ಸಿಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಮೆಟ್ಟಿಲ ಮೇಲೆ ಏನಿತ್ತು ಅತ್ತೆ?" ಎಂದೆ.

ಅವರು ಗೋಡೆಗೇ ಹೇಳಿದರು. "ದ್ರಾಕ್ಷಿ. ಉಬ್ಬಿ ದಪ್ಪಗಾಗಿದ್ವು. ಕಕ್ಕಿತಲ್ಲ, ಸರಿಹೋಯ್ತದೆ ಅಂದ್ಕಂಡೆ. ಆ ಹುಡುಗಿ ನೋಡಿದ್ರೆ ಬೈತಾಳೆ ಅಂತ ತೊಳೆದುಬಿಟ್ಟೆ."

"ಎಷ್ಟು ಹಾಕಿದ್ರಿ?"

"ಒಂದು ಬಟ್ಟಲು. ಪಾಯಸ ಬೇರೆ."

"ನಿನ್ನೆ ಡಾಕ್ಟರ್ ಕೇಳಿದಾಗ ಹೇಳೋದಲ್ವಾ?"

"ಹೆಂಗೆ ಹೇಳ್ಲೆ? ಹಾಕಲ್ಲ ಅಂತ ಒಪ್ಪಿದ್ದೆ. ಬಾಡಿಗೆಯವಳ ಮುಂದೆ…" ಎಂದವರು ಅಲ್ಲಿಗೇ ನಿಲ್ಲಿಸಿದರು. ಆಡಿದ ಮಾತು ತಮಗೇ ಕೇಳಿಸಿತೇನೋ. "ಡಾಕ್ಟ್ರಿಗೆ ನೀನು ಹೇಳೆ. ನಾನಂತ ಮಾತ್ರ ಹೇಳಬೇಡ. ಕಾಲಿಗೆ ಬೀಳ್ತೀನಿ."

ಅಲ್ಲೇ ನಿಂತು ಫೋನ್ ಮಾಡಿದೆ. ಯಾರು ಹಾಕಿದ್ದು ಎಂದು ಡಾಕ್ಟರ್ ಶೈಲಶ್ರೀ ಕೇಳಲೇ ಇಲ್ಲ. ಅವರು ಕೇಳಿದ್ದು ಎಷ್ಟು, ಯಾವಾಗ ಎಂದಷ್ಟೇ.

"ನಿನ್ನೆ ಬೆಳಿಗ್ಗೆನೇ ತಂದಿದ್ರೆ ಪೂರ್ತಿ ವಾಂತಿ ಮಾಡಿಸಬಹುದಿತ್ತು ಮೇಡಂ. ಸಂಜೆ ಹೇಳಿದ್ರೂ ಆಗಲೇ ಡ್ರಿಪ್ ಶುರು ಮಾಡ್ತಿದ್ವಿ. ದ್ರಾಕ್ಷಿ ಕಿಡ್ನಿಗೆ ಹೊಡೆಯುತ್ತೆ. ಈಗ ಅದು ಉಚ್ಚೆ ಹೊಯ್ಯಬೇಕು, ಅಷ್ಟೇ. ಹೊಯ್ದರೆ ಬದುಕುತ್ತೆ."

"ದಿನಾ ಒಂದೆರಡು ತಿಂತಿತ್ತು ಡಾಕ್ಟ್ರೇ, ಆಗ ಏನೂ ಆಗಿರಲಿಲ್ಲ."

"ಕೆಲವು ನಾಯಿಗೆ ಸ್ವಲ್ಪ ತಿಂದ್ರೂ ಕಷ್ಟ, ಕೆಲವಕ್ಕೆ ಏನೂ ಆಗಲ್ಲ. ಯಾವ ನಾಯಿಗೆ ಎಷ್ಟಕ್ಕೆ ಆಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಒಂದೂ ಕೊಡಬಾರದು ಅನ್ನೋದು."

ಫೋನ್ ಇಟ್ಟು ಅತ್ತೆಗೆ ಹೇಳಿದೆ, "ಡಾಕ್ಟರಿಗೆ ಹೇಳಿದೀನಿ. ದೊಡ್ಡಮಾವನಿಗೆ ನಾನು ಹೇಳಲ್ಲ. ಅದು ನೀವೇ ಹೇಳಬೇಕು."

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಉಚ್ಚೆ ಹೊಯ್ತಾ? ಯಾವ ನಾಯಿ ಕಾಲೆತ್ತಿದರೆ ಬೀದಿಯಲ್ಲಿ ಜಗಳವಾಗುತ್ತಿತ್ತೋ ಅದೇ ನಾಯಿ ಒಂದು ಸಲ ಉಚ್ಚೆ ಹೊಯ್ಯಲಿ ಎಂದು ಅತ್ತೆ ಬೈರದೇವರ ಮುಂದೆ ಕೂತಿದ್ದರು. ಇಂಚರ ಕ್ಲಿನಿಕ್ಕಿನಿಂದ ಸ್ನಾನಕ್ಕೆಂದು ಬಂದವಳು ಅತ್ತೆಯ ಪಕ್ಕ ಕುಸಿದು ಕೂತಳು. ದ್ರಾಕ್ಷಿಯ ವಿಷಯ ಡಾಕ್ಟರಿಂದ ಅವಳಿಗೆ ಗೊತ್ತಾಗಿತ್ತು. ಅದು ಹೇಗಾಯಿತೆಂದು ತಾನೇ ಊಹಿಸಿಕೊಂಡಿದ್ದಳು.

"ಸಾರಿ ಆಂಟಿ. ಪೂಜೆ ತಟ್ಟೆಗೆ ಬಾಯಿ ಹಾಕಿದೆ ಅಲ್ವಾ ಇದು? ಹೊಟ್ಟೆಬಾಕ. ನಾನೇ ಸರಿಯಾಗಿ ಬೆಳೆಸಿಲ್ಲ. ನಿಮ್ಮ ಪೂಜೆ ಹಾಳಾಯ್ತು," ಎಂದು ಅತ್ತೆಯ ಕೈ ಹಿಡಿದುಕೊಂಡಳು.

ನೆಲ ಬಾಯಿ ಬಿಟ್ಟು ನನ್ನನ್ನಾದರೂ ನುಂಗಬಾರದೇ ಎನಿಸಿತು. ಅತ್ತೆ "ಏಳವ್ವ, ಏನಾದ್ರೂ ತಿನ್ನು," ಎಂದರು. ಅಷ್ಟೇ ಆದದ್ದು ಅವರ ಕೈಲಿ.

ಆ ಹುಡುಗಿ ಅಲ್ಲಿಗೇ ನಿಲ್ಲಿಸಲಿಲ್ಲ. ರಸ್ತೆ ದಾಟಿ ಹೋಗಿ ದೊಡ್ಡಮಾವನ ಕ್ಷಮೆಯನ್ನೂ ಕೇಳಿದಳು. ಅವರು ಕಟ್ಟೆಗೆ ಬರುವುದನ್ನು ಬಿಟ್ಟಿದ್ದರು, ಒಳಗೆ ಕುರ್ಚಿಯಲ್ಲಿದ್ದರಂತೆ. "ನೀನು ಹೊರಗಿಂದ ಬಂದೋಳು ಮಗಾ, ನಿಂದೇನು ತಪ್ಪು. ನನ್ನ ಬಲ್ಲವರು ಬರಲಿ," ಎಂದರಂತೆ. ಇದನ್ನು ಅವಳು ನಮಗೆ ಹೇಳುವಾಗ ರಘು ಮೊಬೈಲಿನಲ್ಲಿ ತಲೆ ತೂರಿಸಿಕೊಂಡಿದ್ದ. ದ್ರಾಕ್ಷಿಯ ಸುದ್ದಿ ತಿಳಿದ ಮೇಲೆ ಅವನು ಆ ಮನೆಯ ಕಡೆ ಮುಖವನ್ನೇ ತಿರುಗಿಸುತ್ತಿರಲಿಲ್ಲ. ಬೀದಿಯವರಿಗಂತೂ ದೊಡ್ಡಮಾವ ಇನ್ನೂ ನಾಯಿಗೆ ವಿಷ ಹಾಕಿದವರೇ. ಮೊಬೈಲಿನಲ್ಲಿ ಹಿಡಿದದ್ದು ಬೀದಿಯ ವಾಟ್ಸಾಪ್ ಗ್ರೂಪಿನಲ್ಲೂ ಬಂದಿತ್ತು.

ಅವತ್ತು ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಅತ್ತೆ ಎದುರಿಗೆ ಬಂದು ಕೂತು, ಯಾವುದೋ ಹಳೆಯ ಮಾತನ್ನು ಮುಂದುವರಿಸುವಂತೆ ಶುರು ಮಾಡಿದರು. ಅವರ ತವರು ದೇವನಹಳ್ಳಿಯ ಕಡೆ. ಅಲ್ಲಿ ಅವರಪ್ಪನಿಗೆ ದ್ರಾಕ್ಷಿ ಚಪ್ಪರವಿತ್ತು. ಕಾವಲಿಗೆ ನಾಯಿಗಳಿದ್ದವು. ಅವುಗಳಲ್ಲಿ ಕೆಂಚ ಎಂಬುದು ಅತ್ತೆ ಸಾಕಿದ್ದು. ಕುಯ್ಲಿನ ದಿನಗಳಲ್ಲಿ ಉದುರಿದ ಹಣ್ಣನ್ನು ಆಯ್ದು ಆಯ್ದು ಅದಕ್ಕೆ ತಿನ್ನಿಸುತ್ತಿದ್ದರಂತೆ.

"ಒಂದು ವರ್ಷ ಅದು ಹಿಂಗೇ ಮಲಗಿಬಿಡ್ತು. ಹಿಂಗೇ ನಡುಗ್ತಿತ್ತು. ಕಕ್ತು. ಆಮೇಲೆ ಉಚ್ಚೇನೇ ಹೊಯ್ಲಿಲ್ಲ. ಹಾವು ಮುಟ್ಟೈತೆ ಅಂದ್ರು ನಮ್ಮಪ್ಪ. ಇಷ್ಟು ವರ್ಷ ನಾನೂ ಹಾವು ಅಂತಲೇ ಅಂದ್ಕಂಡಿದ್ದೆ ಕಣೆ ಅರ್ಪಿತ."

ಹಾವೇ ಇರಬಹುದು ಅತ್ತೆ, ಯಾರಿಗೆ ಗೊತ್ತು ಎಂದೆ. ಅವರು ಸೊಪ್ಪಿನ ದಂಟನ್ನು ಚೂರು ಚೂರು ಮಾಡುತ್ತಾ ಕೂತೇ ಇದ್ದರು.

ಮಫಿನ್ ಉಚ್ಚೆ ಹೊಯ್ದಿತು! ಕ್ಲಿನಿಕ್ಕಿನಿಂದ ಇಂಚರ ಫೋನಿನಲ್ಲಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಡ್ರಿಪ್ಪಿನ ಮೇಲೆಯೇ ಇದ್ದು ನಿಧಾನಕ್ಕೆ ಚೇತರಿಸಿಕೊಂಡಿತು. ಕಿಡ್ನಿಗೆ ಪೆಟ್ಟಾಗಿದೆ, ಇನ್ನು ಜೀವನಪೂರ್ತಿ ಪಥ್ಯ ಎಂದು ಹೇಳಿ ಕಳಿಸಿದರು.

ಮನೆಗೆ ಬಂದದ್ದು ಭಾನುವಾರ ಬೆಳಿಗ್ಗೆ. ಬೀದಿ ತುಂಬ ಜನ. ಆಟೋದಿಂದ ಇಳಿಸಿದಾಗ ಗುರುತೇ ಸಿಗದಷ್ಟು ಸೊರಗಿತ್ತು. ಸೂಜಿ ಚುಚ್ಚಲು ಮುಂಗಾಲಿನ ಕೂದಲು ಬೋಳಿಸಿದ್ದರು. ನಮ್ಮ ಕಡೆ ಬರುತ್ತದೆಂದು ನಾವೆಲ್ಲ ಗೇಟಿನಲ್ಲಿ ಕಾದಿದ್ದರೆ, ಅದು ತೂರಾಡುತ್ತಾ ರಸ್ತೆ ದಾಟಿ, ಸೀದಾ ದೊಡ್ಡಮಾವನ ಕಟ್ಟೆಗೆ ಹೋಗಿ ಕಾಲೆತ್ತಿತು. ಹೊಯ್ದೂ ಹೊಯ್ದಿತು, ಅಷ್ಟು ದಿನದ್ದೆಲ್ಲ ಅಲ್ಲೇ ಬಾಕಿ ಇದ್ದ ಹಾಗೆ.

ಯಾರೂ ನಗಲಿಲ್ಲ. ಸದ್ದು ಕೇಳಿ ದೊಡ್ಡಮಾವ ಬಾಗಿಲಿಗೆ ಬಂದರು. ಶರ್ಟು ಹಾಕಿಕೊಂಡಿದ್ದರು. ಅಂದಿನಿಂದ ಅವರು ಬರೀ ಬನಿಯನ್ನಿನಲ್ಲಿ ಹೊರಗೆ ಬಂದಿರಲಿಲ್ಲ. ನಾಯಿಯನ್ನು ನೋಡಿದರು, ಬೈಯಲಿಲ್ಲ. ಬೈಯಲೂ ಅಂಜುವಂತೆ ಮಾಡಿಬಿಟ್ಟಿದ್ದೆವು ನಾವು.

ಆಗ ಅತ್ತೆ ಒಳಗೆ ಹೋದರು. ಮತ್ತೆ ತಪ್ಪಿಸಿಕೊಂಡರು ಎಂದೇ ನಾನು ತಿಳಿದೆ. ಅವರು ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಅದೇ ಕಡ್ಡಿಪೊರಕೆ ಹಿಡಿದು ಬಂದರು. ಸೀರೆ ಎತ್ತಿಕಟ್ಟಿದ್ದರು. ಮಗ ಬಕೆಟ್ಟಿಗೆ ಕೈ ಚಾಚಿದ, ಕೊಡಲಿಲ್ಲ. ರಸ್ತೆ ದಾಟಿದರು. ಇಡೀ ಬೀದಿ ನೋಡುತ್ತಿದ್ದಂತೆ ಬಗ್ಗಿ, ಕಟ್ಟೆಗೆ ನೀರು ಹೊಯ್ದು ತಿಕ್ಕತೊಡಗಿದರು.

"ದ್ರಾಕ್ಷಿ ಹಾಕಿದ್ದು ನಾನು ಭಾವ," ಎಂದರು. ಬಗ್ಗಿಕೊಂಡೇ ಇದ್ದರು, ಆದರೆ ದನಿ ಗಟ್ಟಿಯಾಗಿತ್ತು. "ಅದು ಕದ್ದು ತಿಂದಿದ್ದಲ್ಲ. ನನ್ನ ಕೈಯಾರೆ ಹಾಕ್ದೆ. ಬೇಡ ಅಂತ ಈ ಹುಡುಗಿ ಹೇಳಿದ್ಲು, ಆಯ್ತು ಅಂದು ಹಾಕ್ದೆ. ಅದು ಕಕ್ಕಿದ್ದನ್ನ ಯಾರಿಗೂ ಕಾಣದಂಗೆ ತೊಳೆದೆ. ಡಾಕ್ಟ್ರು ಕೇಳಿದ್ರೆ ಸುಳ್ಳು ಹೇಳ್ದೆ. ನಿಮ್ಮನ್ನ ಬೀದೀಲಿ ನಿಲ್ಸಿದಾಗ್ಲೂ ನಂಗೆಲ್ಲ ಗೊತ್ತಿತ್ತು."

ಇಂಚರಳ ಕೈ ಬಾಯಿಗೆ ಹೋಯಿತು. ನಾಯಿಯ ಬೆಲ್ಟನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದಳು. ಎಷ್ಟೋ ದಿನ ಅವಳು ಅತ್ತೆಯ ಜೊತೆ ಮಾತಾಡಲಿಲ್ಲ. ನಾಯಿಯನ್ನು ಹಗಲು ನಮ್ಮ ಜಗಲಿಯಲ್ಲಿ ಬಿಡುವುದನ್ನೂ ನಿಲ್ಲಿಸಿದಳು. ತಪ್ಪೆಂದು ನಾನು ಹೇಳಲಾರೆ. ರಘು ಮಾತ್ರ ಅಂದೇ ಹೋಗಿ ದೊಡ್ಡಪ್ಪನ ಕಾಲು ಹಿಡಿದ. ಅವರು ಅವನ ತಲೆ ಸವರಿ ಎಬ್ಬಿಸಿದರು.

ಆಗ ಬಾಗಿಲಲ್ಲಿ ನಿಂತೇ ದೊಡ್ಡಮಾವ ಅತ್ತೆಗೆ ಹೇಳಿದ್ದು ಇಷ್ಟೇ. "ಹುಡುಗ ಟವೆಲ್ ಎಳೆದಿದ್ದು ಬುಡು ಗೌರವ್ವ, ರಕ್ತ ಬಿಸಿ. ನಾನು ನಿನ್ನ ಮುಖ ನೋಡಿ ಕೇಳಿದ್ದೆ."

ಅತ್ತೆ ಬಕೆಟ್ಟಿನಲ್ಲಿ ಉಳಿದ ನೀರನ್ನೂ ಕಟ್ಟೆಗೆ ಹೊಯ್ದರು.

ಇದೆಲ್ಲ ಆಗಿ ವರ್ಷವಾಯಿತು. ಈ ಸಲದ ಬೈರದೇವರ ದಿನ ಅತ್ತೆ ಮೊದಲ ಬಾರಿಗೆ ಮೆಟ್ಟಿಲು ಹತ್ತಿ, ಇಂಚರಳ ಬಾಗಿಲಲ್ಲಿ ಬಾಳೆ ಎಲೆ ಹಿಡಿದು ನಿಂತರು. "ಬರೀ ಅನ್ನ ಕಣವ್ವ. ಉಪ್ಪೂ ಹಾಕಿಲ್ಲ. ನೀನು ನೋಡಿ, ಕೊಡಬಹುದು ಅನ್ನಿಸಿದ್ರೆ ಕೊಡು." ಇಂಚರ ಎಲೆಯನ್ನು ನೋಡಿದಳು, ಬೆರಳಿನಿಂದ ಅನ್ನ ಕೆದಕಿಯೂ ನೋಡಿದಳು. ಆಮೇಲೆ ತೆಗೆದುಕೊಂಡಳು. ಒಳಗಿನಿಂದ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಆ ನಾಯಿಗೆ ಅತ್ತೆಯ ಮೇಲೆ ಅಂದೂ ಕೋಪವಿಲ್ಲ, ಇಂದೂ ಇಲ್ಲ. ಅದು ಓಡಿ ಬಂದು ಕೈ ನೆಕ್ಕಿದರೆ ಅತ್ತೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ.

ದೊಡ್ಡಮಾವ ಈಗ ಮತ್ತೆ ಕಟ್ಟೆಯ ಮೇಲೆ ಕೂರುತ್ತಾರೆ, ಶರ್ಟು ಹಾಕಿಕೊಂಡು. ಅತ್ತೆ ದಿನಾ ಬೆಳಿಗ್ಗೆ ನಾನು ನಮ್ಮ ಬಾಗಿಲಿಗೆ ನೀರು ಹಾಕುವ ಮೊದಲೇ ರಸ್ತೆ ದಾಟಿ ಆ ಕಟ್ಟೆಯನ್ನು ತೊಳೆಯುತ್ತಾರೆ, ನಾಯಿ ಅಲ್ಲಿ ಕಾಲೆತ್ತಿರಲಿ ಬಿಡಲಿ. ದೊಡ್ಡಮಾವ 'ಸಾಕು ಬುಡವ್ವ' ಎನ್ನುತ್ತಾರೇನೋ ಎಂದು ಬಕೆಟ್ಟು ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ದೊಡ್ಡಮಾವ ಪೇಪರ್ ಮಡಚಿ, ನೀರು ತಾಗದ ಹಾಗೆ ಕಟ್ಟೆಯ ಇನ್ನೊಂದು ತುದಿಗೆ ಸರಿದು ಕೂರುತ್ತಾರೆ.